ಹಸಿರು ಹರಳಿಗೆ ಕಪ್ಪಿನ ಹೆಸರು

ನಮ್ಮ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿರುವ ಫೆರಸ್ ಸಲ್ಫೇಟ್ ತಿಳಿಹಸಿರು ಬಣ್ಣದ ಹರಳು. ಇದೇ ವಸ್ತು ನಿಸರ್ಗದಲ್ಲಿ ಸಿಕ್ಕಿದರೆ ಅದರ ಹೆಸರು ಮೆಲಾಂಟೆರೈಟ್. ಗ್ರೀಕ್ ಭಾಷೆಯಲ್ಲಿ 'ಮೆಲಾಸ್' ಎಂದರೆ ಕಪ್ಪು. ಹಸಿರು ಹರಳಿಗೆ ಕಪ್ಪಿನ ಹೆಸರು ಏಕೆ ಬಂತು?

ಮೊದಲು ಅದರ ಗುಣಗಳನ್ನು ನೋಡೋಣ. ಕಬ್ಬಿಣ ಮತ್ತು ಗಂಧಕ ಸೇರಿದ ಪೈರೈಟ್ ಅದಿರು ಗಾಳಿ, ನೀರಿನ ಸಂಪರ್ಕಕ್ಕೆ ಬಂದಾಗ ಈ ಖನಿಜ ಉಂಟಾಗುತ್ತದೆ. ಒಂದು ಫೆರಸ್ ಸಲ್ಫೇಟಿಗೆ 7 ನೀರಿನ ಅಣುಗಳು ಸೇರಿರುತ್ತವೆ. ಇದರ ಕಾಠಿಣ್ಯ ಸುಮಾರು 2. ಅಂದರೆ ಉಗುರಿನಿಂದಲೇ ಗೀರಬಹುದು. ನಮ್ಮ ಸಾವನದುರ್ಗದ ಬಂಡೆ ಎಷ್ಟು ಮಳೆ ಬಂದರೂ ನಿಲ್ಲುತ್ತದೆ. ಇದು ನೀರಿನಲ್ಲಿ ಕರಗಿಹೋಗುತ್ತದೆ. ಒಣ ಗಾಳಿಯಲ್ಲಿ ನೀರು ಕಳೆದುಕೊಂಡು ಬಿಳಿ ಪುಡಿಯಾಗುತ್ತದೆ. ಕ್ರಮೇಣ ಉತ್ಕರ್ಷಣಗೊಂಡು ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ. ಕಂದು ಉಂಗುರದ ಪರೀಕ್ಷೆಗೆ ದ್ರಾವಣವನ್ನು ಆಗಲೇ ತಯಾರಿಸಬೇಕು ಎನ್ನುವುದು ಇದಕ್ಕಾಗಿಯೇ.

ಇದಕ್ಕೆ ಹೆಸರುಗಳು ಹಲವು. ಕನ್ನಡದಲ್ಲಿ ಅನ್ನಭೇದಿ, ಸಂಸ್ಕೃತದಲ್ಲಿ ಕಾಸೀಸ, ಉರ್ದುವಿನಲ್ಲಿ ಹೀರಾ ಕಸೀಸ್. ಗಾಜಿನಂತೆ ಹೊಳೆಯುವುದರಿಂದ ಯುರೋಪಿನಲ್ಲಿ ಹಸಿರು ವಿಟ್ರಿಯಾಲ್ ಎಂದರು. ಇಂಥ ಲವಣಗಳಿಗೆ ಅರಬ್ಬಿಯಲ್ಲಿ 'ಝಾಜ್' ಎಂಬ ಹೆಸರಿತ್ತು; ಅಲ್‌ರಾಝಿ ಖನಿಜಗಳನ್ನು ಆರು ಗುಂಪು ಮಾಡಿದಾಗ ಅವುಗಳಿಗೇ ಒಂದು ಗುಂಪು ಕೊಟ್ಟ.

ಈ ಹೆಸರುಗಳಲ್ಲಿ ಮೆಲಾಂಟೆರೈಟ್ ಹರಳಿನ ಬಣ್ಣವನ್ನಲ್ಲ, ಅದರ ಕೆಲಸವನ್ನು ಹೇಳುತ್ತದೆ. ಮಾಚಿಕಾಯಿಯ ರಸಕ್ಕೆ ಅನ್ನಭೇದಿ ಬೆರೆಸಿದರೆ ಅದರ ಟ್ಯಾನಿನ್ ಕಬ್ಬಿಣದೊಂದಿಗೆ ಕೂಡಿ, ಗಾಳಿ ತಾಗಿದಂತೆ ಕಪ್ಪಾಗುತ್ತದೆ. ಶತಮಾನಗಳ ಕಾಲ ಹಸ್ತಪ್ರತಿಗಳನ್ನು ಬರೆದ ಶಾಯಿ ಇದೇ. ಚಹಾದಲ್ಲೂ ಟ್ಯಾನಿನ್ ಇದೆಯಲ್ಲ ಎಂದು, ಉಪನ್ಯಾಸಕರ ಅನುಮತಿ ಪಡೆದು ನಾನು ಹಾಲಿಲ್ಲದ ಚಹಾ ಡಿಕಾಕ್ಷನ್‌ಗೆ ಎರಡು ಹರಳು ಹಾಕಿ ನೋಡಿದೆ. ನೋಡುತ್ತಿದ್ದಂತೆ ಅದು ಶಾಯಿಯಂತೆ ಕಪ್ಪಾಯಿತು.

ಈ ಪಾಠ ನಮಗೆ ಬೇಕಾದದ್ದೇ. 'ರಕ್ತಹೀನತೆ ಮುಕ್ತ ಭಾರತ' ಕಾರ್ಯಕ್ರಮದಲ್ಲಿ 10ರಿಂದ 19 ವರ್ಷದವರಿಗೆ ವಾರಕ್ಕೊಂದು ನೀಲಿ ಮಾತ್ರೆ ಇದೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ. ಅನ್ನಭೇದಿಯ ತೂಕದಲ್ಲಿ ಕಬ್ಬಿಣ ಸುಮಾರು ಶೇಕಡಾ 20 ಇರುವುದರಿಂದ, 300 ಮಿಲಿಗ್ರಾಂ ಹರಳಿನಲ್ಲಿ ಇಷ್ಟು ಕಬ್ಬಿಣ ಸಿಗುತ್ತದೆ. ಹಾಗೆಂದು ಅಂಗಡಿಯ ಅನ್ನಭೇದಿಯನ್ನು ತಿನ್ನಬಾರದು; ಅದು ಅಪಾಯ. ಮಾತ್ರೆಯನ್ನು ಚಹಾದೊಂದಿಗೆ ನುಂಗಿದರೆ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ದೇಹಕ್ಕೆ ಸಿಗುವುದು ಕಡಿಮೆ. ಊಟವಾದ ಮೇಲೆ ನೀರಿನೊಂದಿಗೆ ತೆಗೆದುಕೊಳ್ಳಿ. ನಿಂಬೆ ಪಾನಕವಾದರೆ ಇನ್ನೂ ಒಳ್ಳೆಯದು. ಚಹಾ ಒಂದೆರಡು ಗಂಟೆ ಕಾಯಲಿ. ಮಲ ಕಪ್ಪಾದರೆ ಹೆದರಿ ಮಾತ್ರೆ ಬಿಡಬೇಡಿ. ದೇಹ ಹೀರದೆ ಉಳಿದ ಕಬ್ಬಿಣದ ಬಣ್ಣ ಅದು.