ಎಲ್ಬೆ ನದಿಯಲ್ಲಿ ಒಂದು ದಿನ: ತೂಗಾಡುವ ಸಿಲಿಂಡರಿನ ಪಾಠ

ಕೈನೆಮ್ಯಾಟಿಕ್ಸ್ ನೋಟ್ಸ್‌ನಲ್ಲಿ ನಾವೆಲ್ಲ ಬರೆದಿರುವ ಒಂದು ಚಿತ್ರವಿದೆ: 'ಆಸಿಲೇಟಿಂಗ್ ಸಿಲಿಂಡರ್ ಎಂಜಿನ್'. ಸ್ಲೈಡರ್ ಕ್ರ್ಯಾಂಕ್ ಸರಪಳಿಯ ಒಂದು ಇನ್ವರ್ಷನ್. ಪರೀಕ್ಷೆಗೆ ಬಂದ್ರೆ ಮಾರ್ಕ್ಸ್ ಗ್ಯಾರಂಟಿ, ಮುಗಿದ ಮೇಲೆ ಮರೆತುಬಿಡ್ತೀವಿ. ಆದರೆ ಇದು ಒಂದು ಕಾಲಕ್ಕೆ ಹಡಗು ಓಡಿಸಿದ ಯಂತ್ರ. ಅದನ್ನು ನೋಡಲು ಮನಸ್ಸಿನಲ್ಲೇ ಒಂದು ದಿನದ ಟಿಕೆಟ್ ತಗೊಂಡು ಜರ್ಮನಿಯ ಡ್ರೆಸ್ಡೆನ್‌ಗೆ ಹೋಗೋಣ.

ಅಲ್ಲಿ ಎಲ್ಬೆ ನದಿಯಲ್ಲಿ ಹಳೆಯ ಪ್ಯಾಡಲ್ ಸ್ಟೀಮರ್‌ಗಳ ಒಂದು ದೊಡ್ಡ ಪಡೆಯೇ ಉಳಿದಿದೆ. ಇಲ್ಲಿನ ಮೊದಲ ಪ್ರಯಾಣಿಕರ ಸ್ಟೀಮರ್ 'ಕ್ಯೋನಿಗಿನ್ ಮಾರಿಯಾ' 1837ರದ್ದು. ಅದನ್ನು ರೂಪಿಸಿದವರು ಯೊಹಾನ್ ಆಂದ್ರೆಯಸ್ ಶೂಬರ್ಟ್. ಅವರು ಡ್ರೆಸ್ಡೆನ್‌ನ ತಾಂತ್ರಿಕ ಶಾಲೆಯ ಮೇಷ್ಟ್ರು. 'ಸ್ಯಾಕ್ಸೋನಿಯಾ' ಎಂಬ ರೈಲ್ವೆ ಎಂಜಿನ್ ರಚಿಸಿದವರೂ ಅವರೇ.

ನಾವು ಹತ್ತುವ ಹಡಗು 'ಡೀಸ್‌ಬಾರ್'. ಹಡಗಿನ ಒಡಲು 1884ರದ್ದು, ಎಂಜಿನ್ ಅದಕ್ಕಿಂತ ಹಳೆಯದು: 1841ರಲ್ಲಿ ಲಂಡನ್ ಬಳಿಯ ಗ್ರೀನಿಚ್‌ನಲ್ಲಿ ಜಾನ್ ಪೆನ್ ಕಂಪನಿ ತಯಾರಿಸಿದ್ದು. ಬೇರೊಂದು ಹಡಗಿನಲ್ಲಿ ದುಡಿದು ಆಮೇಲೆ ಇಲ್ಲಿಗೆ ಬಂತು.

ಡೆಕ್ಕಿನ ನಡುವೆ ಬಗ್ಗಿ ನೋಡಿದರೆ ಎರಡು ಸಿಲಿಂಡರ್‌ಗಳೇ ತೊಟ್ಟಿಲಿನಂತೆ ತೂಗುತ್ತವೆ. ಸಾಮಾನ್ಯ ಎಂಜಿನ್ನಿನಲ್ಲಿ ಸಿಲಿಂಡರ್ ಅಲ್ಲಾಡಲ್ಲ, ಕನೆಕ್ಟಿಂಗ್ ರಾಡ್ ಓಲಾಡುತ್ತೆ. ಇಲ್ಲಿ ಆ ರಾಡೇ ಇಲ್ಲ. ಪಿಸ್ಟನ್ ರಾಡ್ ನೇರವಾಗಿ ಕ್ರ್ಯಾಂಕಿಗೆ ಸೇರುತ್ತದೆ. ಕ್ರ್ಯಾಂಕ್ ಸುತ್ತಿದಂತೆ ಸಿಲಿಂಡರ್ ತನ್ನ ಎರಡು ಪಕ್ಕದ ಟ್ರನಿಯನ್‌ಗಳ ಮೇಲೆ ಓಲುತ್ತದೆ. ಹಾಗಾದ್ರೆ ಅಲ್ಲಾಡುವ ಸಿಲಿಂಡರಿಗೆ ಹಬೆ ಹೋಗೋದು ಹೇಗೆ? ಪೊಳ್ಳಾದ ಟ್ರನಿಯನ್ ಮೂಲಕವೇ. ಬೇರಿಂಗೂ ಅದೇ, ಪೈಪೂ ಅದೇ!

ಇಷ್ಟೆಲ್ಲ ಯಾಕೆ? ಜಾಗ ಉಳಿಸೋಕೆ. ಕನೆಕ್ಟಿಂಗ್ ರಾಡ್ ಹೋದರೆ ಎಂಜಿನ್ ಗಿಡ್ಡವಾಗುತ್ತದೆ, ಆಳವಿಲ್ಲದ ಒಡಲಿಗೆ ಹೊಂದುತ್ತದೆ. ಎಲ್ಬೆಗೆ ಬೇಕಾದದ್ದೂ ಅದೇ. 1845ರಲ್ಲಿ ಬ್ರಿಟನ್ನಿನ 'ರ‍್ಯಾಟ್ಲರ್' ಎಂಬ ಪ್ರೊಪೆಲರ್ ಹಡಗು 'ಅಲೆಕ್ಟೊ' ಎಂಬ ಪ್ಯಾಡಲ್ ಹಡಗನ್ನು ಹಗ್ಗಜಗ್ಗಾಟದಲ್ಲಿ ಹಿಮ್ಮುಖವಾಗಿ ಎಳೆದಿತ್ತು. ಸಮುದ್ರದಲ್ಲಿ ಪ್ರೊಪೆಲರ್ ಗೆದ್ದಿತು. ಆದರೆ ಪ್ರೊಪೆಲರ್ ಪೂರ್ತಿ ಮುಳುಗೋಕೆ ಆಳ ಬೇಕು. ಪ್ಯಾಡಲ್ ಚಕ್ರಕ್ಕೆ ಹಲಗೆ ಮುಳುಗುವಷ್ಟು ನೀರು ಸಾಕು. ಹಾಗಾಗಿ ತೆಳು ನೀರಿನ ನದಿಗಳಲ್ಲಿ ಪ್ಯಾಡಲ್ ಬದುಕಿತು.

ದಾರಿಯಲ್ಲಿ 1893ರ 'ಬ್ಲಾವೆಸ್ ವುಂಡರ್' ಸಿಗುತ್ತದೆ. ನದಿಯೊಳಗೆ ಒಂದೂ ಕಂಬವಿಲ್ಲದ ಉಕ್ಕಿನ ಸೇತುವೆ ಅದು. ಸಿವಿಲ್‌ನವರು ಅಲ್ಲೇ ನಿಂತುಬಿಡ್ತಾರೆ! ಮುಂದೆ ಪಿಲ್‌ನಿಟ್ಸ್ ಅರಮನೆ. ಹೋಗುವಾಗ ಪ್ರವಾಹದ ಎದುರು, ಬರುವಾಗ ಪ್ರವಾಹದ ಜೊತೆ.

ಈ ಯಂತ್ರಗಳ ಕಷ್ಟ ಇರುವುದು ಕಬ್ಬಿಣದಲ್ಲಲ್ಲ. 2018ರಂಥ ಬರದ ಬೇಸಿಗೆಯಲ್ಲಿ ಎಲ್ಬೆ ಎಷ್ಟು ಇಳಿಯಿತೆಂದರೆ ಈ ತೆಳು ನೀರಿನ ಹಡಗುಗಳಿಗೂ ದಾರಿ ಸಿಗಲಿಲ್ಲ. 2020ರಲ್ಲಿ ಅವನ್ನು ನಡೆಸುತ್ತಿದ್ದ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಆಮೇಲೆ ಹೊಸ ಮಾಲೀಕರು ಬಂದರು. 1841ರ ಯಂತ್ರ ಸವೆದರೆ ಹೊಸ ಭಾಗ ಮಾಡಬಹುದು. ನದಿಯಲ್ಲಿ ನೀರಿಲ್ಲದಿದ್ದರೆ, ಅದನ್ನು ಓಡಿಸಬಲ್ಲ ಕೈಗಳಿಲ್ಲದಿದ್ದರೆ, ಯಾವ ವರ್ಕ್‌ಶಾಪೂ ಏನೂ ಮಾಡಲಾಗದು.

ಈಗ ನಮ್ಮ ಕೆಲಸ. ರಟ್ಟಿನ ಮೇಲೆ 12 ಸೆಂ.ಮೀ. ಅಂತರದಲ್ಲಿ ಎರಡು ಪಿನ್ ಚುಚ್ಚಿ. ಒಂದಕ್ಕೆ 3 ಸೆಂ.ಮೀ. ಕ್ರ್ಯಾಂಕ್ ಪಟ್ಟಿ. ಅದರ ತುದಿಗೆ ಉದ್ದ ಸೀಳಿನ ಇನ್ನೊಂದು ಪಟ್ಟಿ; ಸೀಳು ಎರಡನೇ ಪಿನ್ನಿನ ಮೇಲೆ ಜಾರಬೇಕು. ಕ್ರ್ಯಾಂಕ್ ತಿರುಗಿಸಿ. ಎರಡನೇ ಪಿನ್ನೇ ಟ್ರನಿಯನ್. ಪಟ್ಟಿ ಎಷ್ಟು ಓಲುತ್ತೆ? ಸೈನ್ θ = 3/12, ಅಂದರೆ ಎರಡೂ ಕಡೆ ಸುಮಾರು 14.5 ಡಿಗ್ರಿ. ಒಂದು ಕಡೆಗೆ ಓಲಲು ಕ್ರ್ಯಾಂಕ್ ಹೆಚ್ಚು ಸುತ್ತಬೇಕು, ವಾಪಸ್ ಬರಲು ಕಡಿಮೆ, ಗಮನಿಸಿ. ಇದೇ ಇನ್ವರ್ಷನ್ ನಮ್ಮ ವರ್ಕ್‌ಶಾಪಿನ ಶೇಪರ್‌ನಲ್ಲಿ ಕ್ವಿಕ್ ರಿಟರ್ನ್ ಆಗಿದೆ. ಮುಂದಿನ ಲ್ಯಾಬ್‌ನಲ್ಲಿ ಅದರ ಮುಚ್ಚಳ ತೆಗೆಸಿ ನೋಡೋಣ.