ಪಾಠ 9: ಮನೆಯಲ್ಲೇ ಕಾಫಿ ಪುಡಿ



ನಮ್ಮ ಊರು ಮೂಡಿಗೆರೆ ಕಡೆ. ಸುತ್ತ ಎಲ್ಲಿ ನೋಡಿದರೂ ಕಾಫಿ ತೋಟ. ನಮ್ಮ ರಾತ್ರಿ ತರಗತಿಗೆ ಬರುವವರಲ್ಲಿ ಹೆಚ್ಚಿನವರು ತೋಟದ ಕೆಲಸದವರು. ಡಿಸೆಂಬರ್, ಜನವರಿ ಬಂತು ಅಂದರೆ ಹಣ್ಣು ಕೊಯ್ಲು. ಆಗ ತರಗತಿ ಅರ್ಧ ಖಾಲಿ. ಬಂದವರಿಗೂ ಕೈ ನೋವು, ಬಳಪ ಹಿಡಿಯಲು ಆಗುವುದಿಲ್ಲ.

ಹಣ್ಣು ಕೊಯ್ಯುವವರು ನಾವು. ಕಣದಲ್ಲಿ ಹರಡಿ ಒಣಗಿಸುವವರು ನಾವು. ಆದರೆ ಮನೆಗೆ ಬಂದು ಕುಡಿಯುವುದು ಅಂಗಡಿಯ ಪೊಟ್ಟಣದ ಪುಡಿ. ಅದರಲ್ಲಿ ಏನಿದೆ? ಎಷ್ಟಿದೆ? ಟೀಚರ್ ಆದ ನಮಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ಒಂದು ಜಗಳದಿಂದ.

ಆ ಜಗಳ ಹೀಗೆ.

ನಮ್ಮ ತರಗತಿಗೆ ಒಬ್ಬ ತಂಗಿ ಬರುತ್ತಾಳೆ. ಮದುವೆಯಾಗಿ ಎರಡು ವರ್ಷ. ಗಂಡನ ಮನೆಯಲ್ಲಿ ಒಂದು ತುಂಡು ತೋಟ ಇದೆ. ಅತ್ತೆ ಒಂದು ದಿನ 1 ಕಿಲೋ ಕಾಫಿ ಬೀಜ ತೂಗಿ ಕೊಟ್ಟರು. "ಪೇಟೆಗೆ ಹೋಗಿ ಹುರಿಸಿ, ಪುಡಿ ಮಾಡಿಸಿಕೊಂಡು ಬಾ" ಅಂದರು. ಇವಳು ಬಸ್ಸಿನಲ್ಲಿ ಹೋದಳು. ಪೇಟೆಯ ಒಂದು ಮಿಷನ್ ಅಂಗಡಿಯಲ್ಲಿ ಕೊಟ್ಟಳು. ಹುರಿದು, ಪುಡಿ ಮಾಡಿ, ಕವರಿನಲ್ಲಿ ಕಟ್ಟಿ ಕೊಟ್ಟರು. ತಂದಳು.

ಮನೆಯಲ್ಲಿ ಅತ್ತೆ ತೂಗಿದರು. 710 ಗ್ರಾಂ ಇತ್ತು.

"ಉಳಿದದ್ದು ಎಲ್ಲಿ? ತವರಿಗೆ ಕಳಿಸಿದೆಯಾ?" ಅಂತ ಅತ್ತೆ ಕೇಳಿಬಿಟ್ಟರು.

ಎರಡು ದಿನ ಆ ಮನೆಯಲ್ಲಿ ಮಾತಿಲ್ಲ. ಮೂರನೇ ದಿನ ಅವಳು ತರಗತಿಗೆ ಬಂದಾಗ ಕಣ್ಣು ಕೆಂಪಾಗಿತ್ತು. "ಟೀಚರ್, ನಾನು ಒಂದು ಕಾಳೂ ತೆಗೆದಿಲ್ಲ. ಎಲ್ಲಿ ಹೋಯ್ತು ಅಂತ ನಂಗೇ ಗೊತ್ತಿಲ್ಲ" ಅಂದಳು.

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಹಿಂದೆ ಕೂತಿದ್ದ ದೊಡ್ಡಮ್ಮ ಒಬ್ಬರು ಹೇಳಿದರು: "ಹುರಿದರೆ ಬೀಜ ಹಗುರ ಆಗ್ತದೆ ಕಣಮ್ಮಾ. ಎಷ್ಟು ಅಂತ ನಂಗೊತ್ತಿಲ್ಲ. ತೂಗಿ ನೋಡಿ."

ಸರಿ, ತೂಗಿ ನೋಡೋಣ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದೆವು.

ಬೀಜ ತಯಾರು ಮಾಡುವುದು

ಮರುದಿನ ಸಂಜೆ ದೊಡ್ಡಮ್ಮ ಒಣಗಿದ ಕಾಫಿ ಹಣ್ಣು ತಂದರು. ಅವರ ಹಿತ್ತಲಿನ ನಾಲ್ಕು ಗಿಡದ ಹಣ್ಣು. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಬೀಜ ಗಲಗಲ ಅಂದಿತು. ಶಬ್ದ ಬಂದರೆ ಚೆನ್ನಾಗಿ ಒಣಗಿದೆ ಅಂತ ಅರ್ಥ. ಶಬ್ದ ಬರದಿದ್ದರೆ ಇನ್ನೂ ಬಿಸಿಲಿಗೆ ಹಾಕಬೇಕು.

ಒರಳಿಗೆ ಹಾಕಿ ಒನಕೆಯಿಂದ ಮೆಲ್ಲಗೆ ಕುಟ್ಟಿದೆವು. ಮೊರದಲ್ಲಿ ಕೇರಿದೆವು. ಸಿಪ್ಪೆ ಹಾರಿಹೋಯಿತು, ಹಸಿರು ಬೂದು ಬಣ್ಣದ ಬೀಜ ಉಳಿಯಿತು. ಕಪ್ಪಗಾದದ್ದು, ಬೂಸ್ಟು ಹಿಡಿದದ್ದು ಆರಿಸಿ ಎಸೆದೆವು. ಅಕ್ಕಿ ಆರಿಸುವ ಹಾಗೇ.

ನೀವೂ ಬೀಜ ನೋಡಿ. ನಡುವಿನ ಗೆರೆ ಡೊಂಕಾಗಿ, ಬೀಜ ಉದ್ದಕ್ಕೆ ಇದ್ದರೆ ಅದು ಅರೇಬಿಕಾ. ಗೆರೆ ನೇರವಾಗಿ, ಬೀಜ ಗುಂಡಗೆ ಇದ್ದರೆ ರೊಬಸ್ಟಾ. ರೊಬಸ್ಟಾ ಹೆಚ್ಚು ಕಹಿ. ಒಂದು ಹಣ್ಣಿನಲ್ಲಿ ಸಾಮಾನ್ಯವಾಗಿ 2 ಬೀಜ. ಕೆಲವು ಹಣ್ಣಿನಲ್ಲಿ ಮಾತ್ರ ಒಂದೇ ಗುಂಡು ಬೀಜ ಇರುತ್ತದೆ. ಅದಕ್ಕೆ ಪೀಬೆರಿ ಅನ್ನುತ್ತಾರೆ.

ಮಾತಿನ ನಡುವೆ ಇದನ್ನೂ ಹೇಳಿಬಿಡುತ್ತೇವೆ. ತೋಟದಲ್ಲಿ ಉದುರಿದ ಹಣ್ಣನ್ನು ಕೇಳದೆ ಆರಿಸಿ ತರಬೇಡಿ. ರೈಟರ್ ಅಥವಾ ತೋಟದವರನ್ನು ಕೇಳಿ, ಅವರು ಒಪ್ಪಿದರೆ ತನ್ನಿ. ಒಂದು ಸೇರು ಹಣ್ಣಿಗಾಗಿ ಕಳ್ಳಿ ಅನ್ನಿಸಿಕೊಳ್ಳುವುದು ಬೇಡ. ಗಿಡ ಇಲ್ಲದವರು ಪೇಟೆಯ ಕಾಫಿ ಪುಡಿ ಅಂಗಡಿಯಲ್ಲಿ "ಪುಡಿ ಬೇಡ, ಹುರಿದ ಬೀಜವೇ ಕೊಡಿ" ಅಂತ ಕೇಳಬಹುದು. ಕಾಲು ಕಿಲೋ ಕೊಂಡರೂ ಸಾಕು.

ಹುರಿಯುವುದು

ಕಿರಾಣಿ ಅಂಗಡಿಯಿಂದ ತಕ್ಕಡಿ ತಂದಿದ್ದೆವು. ಬೀಜ ತೂಗಿದೆವು. ಸರಿಯಾಗಿ 500 ಗ್ರಾಂ. ಆ ತಂಗಿಯ ಕೈಯಲ್ಲೇ ಚೀಟಿಯಲ್ಲಿ ಬರೆಸಿದೆವು: "ಹಸಿ ಬೀಜ 500."

ದಪ್ಪ ತಳದ ಕಬ್ಬಿಣದ ಬಾಣಲೆ ಇಟ್ಟೆವು. ಉರಿ ಹದವಾಗಿತ್ತು. ಕೈ ಬಿಡದೆ ತಿರುವಬೇಕು. ಬಿಟ್ಟರೆ ಒಂದು ಕಡೆ ಸೀದು, ಇನ್ನೊಂದು ಕಡೆ ಹಸಿ ಉಳಿಯುತ್ತದೆ. ಬೀಜ ಮೊದಲು ಹಳದಿ ಆಯಿತು. ಹಸಿ ಹುಲ್ಲಿನ ವಾಸನೆ ಬಂತು. ಆಮೇಲೆ ಕಂದು ಬಣ್ಣಕ್ಕೆ ತಿರುಗಿತು. ಸುಮಾರು ಕಾಲು ಗಂಟೆ ಆದಾಗ ಚಟಪಟ ಶಬ್ದ ಶುರುವಾಯಿತು. ಒಳಗಿನ ನೀರು ಆವಿಯಾಗಿ ಬೀಜ ಬಿರಿಯುವ ಶಬ್ದ ಅದು. ಬೀಜ ಉಬ್ಬಿತು. ಹೊಗೆ ಎದ್ದಿತು. ಕಿಟಕಿ ಬಾಗಿಲು ತೆಗೆದೆವು.

ಇಲ್ಲಿ ಎಚ್ಚರ ಬೇಕು. ಶಬ್ದ ನಿಂತು, ಬಣ್ಣ ಒಳ್ಳೆ ಕಂದು ಆದ ಕೂಡಲೇ ಇಳಿಸಬೇಕು. "ಇನ್ನೊಂಚೂರು" ಅಂತ ಕಾದರೆ ಕರಿ ಇದ್ದಲು. ಇಳಿಸಿದ ಮೇಲೂ ಬೀಜ ತನ್ನ ಬಿಸಿಯಲ್ಲೇ ಬೇಯುತ್ತಾ ಇರುತ್ತದೆ. ಅದಕ್ಕೇ ಬಾಣಲೆಯಲ್ಲಿ ಬಿಡಬಾರದು. ಅಗಲವಾದ ತಟ್ಟೆಗೆ ಸುರಿದು ಗಾಳಿ ಹಾಕಿದೆವು. ಆರಿದ ಮೇಲೆ ಮೊರದಲ್ಲಿ ಕೇರಿದೆವು. ತೆಳು ಹೊಟ್ಟು ಹಾರಿತು.

ಮತ್ತೆ ತೂಗಿದೆವು. ಎಲ್ಲರೂ ತಕ್ಕಡಿ ಸುತ್ತ ನಿಂತಿದ್ದರು. 415 ಗ್ರಾಂ!

500ರಲ್ಲಿ 415 ಕಳೆದರೆ 85. ಅರ್ಧ ಕಿಲೋ ಬೀಜದಲ್ಲಿ 85 ಗ್ರಾಂ ಯಾರೂ ಕದಿಯದೆ ಹೋಗಿತ್ತು. ನೀರು ಆವಿಯಾಗಿ ಹೋಯಿತು, ಹೊಗೆ ಹೋಯಿತು, ಹೊಟ್ಟು ಹೋಯಿತು. 1 ಕಿಲೋಗೆ ಲೆಕ್ಕ ಹಾಕಿದರೆ 170 ಗ್ರಾಂ. ಸಾಮಾನ್ಯವಾಗಿ 1 ಕಿಲೋ ಹಸಿ ಬೀಜ ಹುರಿದರೆ 150 ರಿಂದ 200 ಗ್ರಾಂ ಕಡಿಮೆ ಆಗುತ್ತದೆ. ಹೆಚ್ಚು ಕಪ್ಪಗೆ ಹುರಿದಷ್ಟೂ ಹೆಚ್ಚು ಕಡಿಮೆ.

ಆ ತಂಗಿ ಚೀಟಿಯಲ್ಲಿ ಬರೆದಳು: "ಹುರಿದ ಬೀಜ 415." ಬರೆಯುವಾಗ ಕೈ ನಡುಗುತ್ತಿತ್ತು. ಅಕ್ಷರ ಮಾತ್ರ ದುಂಡಗೆ ಬಂದಿತ್ತು.

ಪುಡಿ ಮಾಡುವುದು

ಹುರಿದ ದಿನವೇ ಪುಡಿ ಮಾಡಲಿಲ್ಲ. ಹೊಸದಾಗಿ ಹುರಿದ ಬೀಜದಿಂದ ಗಾಳಿ ಹೊರಬರುತ್ತಾ ಇರುತ್ತದೆ. ಒಂದು ದಿನ ಬಿಟ್ಟರೆ ರುಚಿ ಕೂರುತ್ತದೆ. ಬೀಜವನ್ನು ಒಣ ಡಬ್ಬಿಯಲ್ಲಿ ಮುಚ್ಚಿಟ್ಟೆವು.

ಪುಡಿ ಮಾಡಲು ಏನೇನು ದಾರಿ ಇದೆ? ನಮ್ಮ ಅಜ್ಜಿಯರು ಒರಳಲ್ಲಿ ಕುಟ್ಟುತ್ತಿದ್ದರು. ಬೀಸುವ ಕಲ್ಲಿನಲ್ಲೂ ಆಗುತ್ತದೆ. ಆದರೆ ರಾಗಿ ಹಿಟ್ಟು ಸ್ವಲ್ಪವೂ ಇರದ ಹಾಗೆ ಕಲ್ಲು ಒರೆಸಬೇಕು. ಇಲ್ಲವಾದರೆ ಕಾಫಿ ಅಂಬಲಿ ಆಗುತ್ತದೆ!

ಮೇಜಿನ ಅಂಚಿಗೆ ಬಿಗಿಯುವ ಕೈ ಮಿಷನ್ ಎಲ್ಲಕ್ಕಿಂತ ಒಳ್ಳೆಯದು ಅಂತ ನಮ್ಮ ಅಭಿಪ್ರಾಯ. ಮೇಲೆ ಬೀಜ ಹಾಕುವುದು, ಹಿಡಿ ತಿರುಗಿಸುವುದು. ಒಳಗಿನ ಎರಡು ಹಲ್ಲಿನ ಚಕ್ರದ ನಡುವೆ ಬೀಜ ಪುಡಿಯಾಗಿ ಕೆಳಗೆ ಬೀಳುತ್ತದೆ. ಅದರಲ್ಲಿ ಒಂದು ತಿರುಪು ಇದೆ. ಬಿಗಿ ಮಾಡಿದರೆ ಪುಡಿ ಸಣ್ಣ. ಸಡಿಲ ಮಾಡಿದರೆ ದಪ್ಪ. ಕರೆಂಟು ಬೇಡ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ.

ಮಿಕ್ಸಿ ಇದ್ದವರು ಸಣ್ಣ ಜಾರ್ ತೆಗೆದುಕೊಳ್ಳಿ. ಮಸಾಲೆ ವಾಸನೆ ಹೋಗುವ ಹಾಗೆ ತೊಳೆದು ಪೂರ್ತಿ ಒಣಗಿಸಿ. ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಒಂದೇ ಸಮ ಓಡಿಸಬೇಡಿ. ಓಡಿಸಿ, ನಿಲ್ಲಿಸಿ, ಜಾರ್ ಅಲ್ಲಾಡಿಸಿ, ಮತ್ತೆ ಓಡಿಸಿ. ಬಿಡದೆ ಓಡಿಸಿದರೆ ಪುಡಿ ಬಿಸಿಯಾಗಿ ಪರಿಮಳ ಕೆಡುತ್ತದೆ.

ಪುಡಿ ಎಷ್ಟು ಸಣ್ಣ ಇರಬೇಕು? ಫಿಲ್ಟರ್‌ಗೆ ಸಣ್ಣ ರವೆಯ ಹಾಗೆ ಇರಲಿ. ಬೆರಳಲ್ಲಿ ಉಜ್ಜಿದರೆ ತರಿ ತಿಳಿಯಬೇಕು. ಮೈದಾ ಹಿಟ್ಟಿನಷ್ಟು ನುಣ್ಣಗಾದರೆ ಫಿಲ್ಟರ್ ತೂತು ಕಟ್ಟಿಕೊಂಡು ಡಿಕಾಕ್ಷನ್ ಇಳಿಯುವುದಿಲ್ಲ. ತುಂಬಾ ದಪ್ಪ ಆದರೆ ನೀರು ಸರ್ರನೆ ಇಳಿದುಬಿಡುತ್ತದೆ. ಡಿಕಾಕ್ಷನ್ ತೆಳ್ಳಗೆ, ಸಪ್ಪೆ. ನೀರಲ್ಲಿ ಕುದಿಸಿ ಬಟ್ಟೆಯಲ್ಲಿ ಸೋಸುವವರಿಗೆ ಇನ್ನೂ ಸ್ವಲ್ಪ ದಪ್ಪ ಇದ್ದರೂ ನಡೆಯುತ್ತದೆ.

ಒಂದು ವಾರಕ್ಕೆ ಬೇಕಾದಷ್ಟೇ ಪುಡಿ ಮಾಡಿ. ಬೀಜ ಇಡಿಯಾಗಿ ಇದ್ದರೆ ಪರಿಮಳ ಒಳಗೇ ಇರುತ್ತದೆ. ಪುಡಿ ಆದ ಮೇಲೆ ಬೇಗ ಹಾರಿಹೋಗುತ್ತದೆ. ಮಲೆನಾಡಿನ ಥಂಡಿಗೆ ಪುಡಿ ಗಂಟು ಕಟ್ಟುವುದೂ ಉಂಟು. ಒದ್ದೆ ಚಮಚ ಡಬ್ಬಿಗೆ ಹಾಕಲೇಬೇಡಿ.

ನಮ್ಮ ಪುಡಿ ತೂಗಿದಾಗ 410 ಗ್ರಾಂ ಬಂತು. 5 ಗ್ರಾಂ ಮಿಷನ್ನಿನ ಹಲ್ಲಿಗೆ ಅಂಟಿತ್ತು. ಚೀಟಿಯಲ್ಲಿ ಮೂರನೇ ಸಾಲು: "ಪುಡಿ 410."

ಅತ್ತೆ ಬಂದರು

ಆ ಸಂಜೆ ಅವಳ ಅತ್ತೆಯೂ ಬಂದಿದ್ದರು. ನಾವೇ ಕರೆದಿದ್ದೆವು. ಬಾಗಿಲ ಹತ್ತಿರ ನಿಂತು ಎಲ್ಲಾ ನೋಡಿದರು. ಅವರಿಗೆ ಓದು ಬರುವುದಿಲ್ಲ. ಸೊಸೆಯ ಕೈಯಲ್ಲಿದ್ದ ಚೀಟಿ ನೋಡಿ "ಏನ್ ಬರ್ದಿದೀಯ, ಓದು" ಅಂದರು. ಅವಳು ಓದಿದಳು. "ಇನ್ನೊಂದ್ಸಲ ಓದು" ಅಂದರು. ಮತ್ತೆ ಓದಿದಳು.

ಅರ್ಧ ಕಿಲೋಗೆ 410 ಆದರೆ 1 ಕಿಲೋಗೆ 820 ಬರಬೇಕು. ಪೇಟೆಯಿಂದ ಬಂದದ್ದು 710. ಇನ್ನೂ 110 ಗ್ರಾಂ ಕಡಿಮೆ. ಅಂಗಡಿಯವರು ಕಪ್ಪಗೆ ಹುರಿದಿದ್ದರೆ 30-40 ಗ್ರಾಂ ಹೆಚ್ಚು ಹೋಗಿರಬಹುದು. ಉಳಿದ 70 ಗ್ರಾಂ?

ಆಮೇಲೆ ಅತ್ತೆ, ಸೊಸೆ ಇಬ್ಬರೂ ಚೀಟಿ ಹಿಡಿದು ಆ ಅಂಗಡಿಗೆ ಹೋಗಿ ಕೇಳಿದರು. "ಮಿಷನ್ ಹೊಟ್ಟೇಲಿ ಉಳೀತದಮ್ಮಾ" ಅಂದರು ಅಂಗಡಿಯವರು. "ನಮ್ದು ಉಳಿದ್ರೆ, ನಮ್ಗಿಂತ ಮುಂಚೆ ಬಂದವ್ರದ್ದು ನಮ್ಗೆ ಬರ್ಬೇಕಲ್ಲ?" ಅಂತ ಅತ್ತೆ ಕೇಳಿದರಂತೆ. ಉತ್ತರ ಬರಲಿಲ್ಲ.

ಈಗ ನಮ್ಮ ಸಂಘದ ಹಣದಲ್ಲಿ ಒಂದು ಕೈ ಮಿಷನ್ ತಂದಿದ್ದೇವೆ. ವಾರಕ್ಕೊಂದು ಮನೆಗೆ ಹೋಗುತ್ತದೆ.

ಪೊಟ್ಟಣ ಓದುವುದು

ಎಲ್ಲರಿಗೂ ಬೀಜ ಸಿಗುವುದಿಲ್ಲ. ಪೊಟ್ಟಣ ಕೊಳ್ಳುವವರು ಹೀಗೆ ಮಾಡಿ. ಪೊಟ್ಟಣದ ಮೇಲೆ ಕನ್ನಡ ಇಲ್ಲದೆ ಇರಬಹುದು. ಹೆದರಬೇಡಿ. ಅಂಕಿ ನಮಗೆ ಓದಲು ಬರುತ್ತದೆ. % ಗುರುತಿನ ಹತ್ತಿರ ಎರಡು ಅಂಕಿ ಹುಡುಕಿ. 60 ಮತ್ತು 40 ಅಂತ ಇದ್ದರೆ, 100 ಗ್ರಾಂ ಪುಡಿಯಲ್ಲಿ 60 ಗ್ರಾಂ ಕಾಫಿ, 40 ಗ್ರಾಂ ಚಿಕೋರಿ.

ಚಿಕೋರಿ ಅಂದರೆ ಒಂದು ಗಿಡದ ಬೇರು. ಗುಜರಾತಿನಲ್ಲಿ ಬೆಳೆಯುತ್ತಾರೆ. ಒಣಗಿಸಿ, ಹುರಿದು, ಪುಡಿ ಮಾಡಿ ಬೆರೆಸುತ್ತಾರೆ. ಡಿಕಾಕ್ಷನ್ ಗಟ್ಟಿ, ಕಪ್ಪು ಆಗುತ್ತದೆ. ಅದು ವಿಷ ಅಲ್ಲ. ಆ ರುಚಿಯೇ ಇಷ್ಟ ಅನ್ನುವವರೂ ಇದ್ದಾರೆ. ಆದರೆ ಚಿಕೋರಿ ಕಾಫಿಗಿಂತ ಅಗ್ಗ. ಕಾಫಿಯ ಬೆಲೆ ಕೊಟ್ಟು ಬೇರು ಯಾಕೆ ತರಬೇಕು? ಬೆರಕೆ ಪುಡಿಯಲ್ಲಿ ಕಾಫಿ 51%ಗಿಂತ ಕಡಿಮೆ ಇರಬಾರದು ಅಂತ ಕಾನೂನು ಇದೆ. ಎಷ್ಟು ಬೆರೆಸಿದ್ದಾರೆ ಅಂತ ಪೊಟ್ಟಣದ ಮೇಲೆ ಬರೆಯಲೇಬೇಕು.

ಬಿಡಿ ಪುಡಿ ಕೊಂಡರೆ ಬರಹ ಇರುವುದಿಲ್ಲ. ಆಗ ಒಂದು ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಳ್ಳಿ. ಅರ್ಧ ಚಮಚ ಪುಡಿ ಮೇಲೆ ಉದುರಿಸಿ. ಕಲಕಬೇಡಿ. ಕಾಫಿ ತೇಲುತ್ತದೆ. ಚಿಕೋರಿ ಕಂದು ಬಣ್ಣದ ಗೆರೆ ಬಿಡುತ್ತಾ ಬೇಗ ಮುಳುಗುತ್ತದೆ. ಪೇಟೆಯಿಂದ ಬಂದ ಆ 710 ಗ್ರಾಂ ಪುಡಿಯನ್ನೂ ಹೀಗೆ ನೋಡಿದೆವು. ಅದರಲ್ಲೂ ಸ್ವಲ್ಪ ಮುಳುಗಿತು! ಕೊಟ್ಟದ್ದು ಬರೀ ಬೀಜ. ಯಾರ ಚಿಕೋರಿಯೋ ಏನೋ.

ಕುಡಿಯುವ ಮುಂಚೆ ಒಂದು ಮಾತು. ಊಟದ ಜೊತೆಗೇ ಕಾಫಿ ಕುಡಿದರೆ ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ರಕ್ತ ಕಡಿಮೆ ಇರುವವರು ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆ ಬಿಡಿ. ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗಬೇಡಿ. ಗರ್ಭಿಣಿಯರು ದಿನಕ್ಕೆ ಒಂದೆರಡು ಸಣ್ಣ ಲೋಟಕ್ಕೆ ನಿಲ್ಲಿಸಿ.

ಓದಿ, ಉತ್ತರ ಹೇಳಿ

1. ಕಾಫಿ ಹಣ್ಣು ಚೆನ್ನಾಗಿ ಒಣಗಿದೆ ಅಂತ ಹೇಗೆ ಗೊತ್ತಾಗುತ್ತದೆ?
2. ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಯದಿದ್ದರೆ ಪುಡಿ ಹೇಗಿದೆ ಅಂತ ಅರ್ಥ?
3. ಅತ್ತೆ ಅಂಗಡಿಯವರನ್ನು ಕೇಳಿದ ಪ್ರಶ್ನೆ ಸರಿಯೇ? ನೀವಾಗಿದ್ದರೆ ಏನು ಕೇಳುತ್ತಿದ್ದಿರಿ?

ಲೆಕ್ಕ ಮಾಡಿ

500 ಗ್ರಾಂ ಪೊಟ್ಟಣ. ಮೇಲೆ 60 ಮತ್ತು 40 ಅಂತ ಇದೆ. ಅದರಲ್ಲಿ ಕಾಫಿ ಎಷ್ಟು ಗ್ರಾಂ? ಚಿಕೋರಿ ಎಷ್ಟು ಗ್ರಾಂ?

ನಿಮ್ಮ ಚೀಟಿ ಬರೆಯಿರಿ

ತಾರೀಕು: ...........
ಹಸಿ ಬೀಜ: ........... ಗ್ರಾಂ
ಹುರಿದ ಬೀಜ: ........... ಗ್ರಾಂ
ಪುಡಿ: ........... ಗ್ರಾಂ
ತೂಗಿದವರ ಸಹಿ: ...........