ಗಾಜು, ಮರ, ನಡುವಿನ ಸೀಲಂಟ್

ಮಗಾ, ಮರದ ದೋಣಿಯ ಹ್ಯಾಚಿಗೆ ಗಾಜು ಕೂರಿಸಲು ಹೊರಟಿದ್ದೀಯ. ಅಂಗಡಿಗೆ ಹೋಗಿ ‘ಎಲ್ಲಕ್ಕಿಂತ ಗಟ್ಟಿ ಅಂಟು ಕೊಡಿ’ ಎಂದು ಕೇಳಬೇಡ. ಮರ ಮಳೆಗಾಲದಲ್ಲಿ ತೇವ ಕುಡಿದು ಅಡ್ಡಡ್ಡ ಊದುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ತೇವಕ್ಕೆ ಗಾಜು ಕದಲುವುದೇ ಇಲ್ಲ. ಎರಡರ ನಡುವಿನ ಎಳೆದಾಟವನ್ನೆಲ್ಲ ಸೀಲಂಟೇ ತಡೆದುಕೊಳ್ಳಬೇಕು. ಅದಕ್ಕೆ ಹಿಡಿತದಷ್ಟೇ ಹಿಗ್ಗುವ ಗುಣವೂ ಮುಖ್ಯ. ಅಗಸೆ ಎಣ್ಣೆಯ ಪುಟ್ಟಿ ಮನೆಯ ಕಿಟಕಿಗೆ ಸರಿ. ದೋಣಿಯಲ್ಲಿ ಅದು ಕಲ್ಲಾಗಿ ಬಿರುಕು ಬಿಡುತ್ತದೆ.

ಮೊದಲು ನೋಡಬೇಕಾದದ್ದು, ನಿನ್ನ ಕೈಯಲ್ಲಿರುವುದು ನಿಜವಾದ ಗಾಜೋ, ಅಕ್ರಿಲಿಕ್ ಇಲ್ಲವೇ ಪಾಲಿಕಾರ್ಬೊನೇಟ್ ಹಾಳೆಯೋ ಎಂಬುದು. ಗಾಜಾದರೆ ಪಾಲಿಸಲ್ಫೈಡ್ ತೆಗೆದುಕೋ. ತೇಗದ ಡೆಕ್ಕಿನ ಸಂದು ತುಂಬುವುದಕ್ಕೂ ಅದನ್ನೇ ಬಳಸುತ್ತಾರೆ. ಉಪ್ಪುನೀರಿಗೆ ಜಗ್ಗುವುದಿಲ್ಲ, ನಾಳೆ ಗಾಜು ಒಡೆದರೆ ಚಾಕುವಿನಲ್ಲಿ ಕೊಯ್ದು ಬಿಡಿಸಬಹುದು. ಗಟ್ಟಿಯಾಗಲು ದಿನಗಳು ಬೇಕು, ಕಾಯಬೇಕು. ಆದರೆ ಅಕ್ರಿಲಿಕ್, ಪಾಲಿಕಾರ್ಬೊನೇಟ್‌ಗೆ ಅದನ್ನು ತಾಗಿಸಬೇಡ, ಹಾಳೆಯಲ್ಲಿ ಸಣ್ಣ ಸಣ್ಣ ಬಿರುಕು ಏಳುತ್ತದೆ. ಅವಕ್ಕೆ ನ್ಯೂಟ್ರಲ್ ಸಿಲಿಕೋನ್ ಒಗ್ಗುತ್ತದೆ. ಒಂದು ಮೀಟರ್ ಅಕ್ರಿಲಿಕ್ ಹಾಳೆ 30 ಡಿಗ್ರಿ ಬಿಸಿಯೇರಿದರೆ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ. ಸುತ್ತ ಅಷ್ಟು ಜಾಗ ಬಿಡಲೇಬೇಕು.

ಸಿಲಿಕೋನ್ ಬಳಸುವಾಗ ಎರಡು ಎಚ್ಚರ. ವಿನೆಗರ್ ವಾಸನೆ ಬರುವ ಜಾತಿ ಬೇಡ. ಅದರ ಆಮ್ಲ ಹಿತ್ತಾಳೆ ಸ್ಕ್ರೂಗಳನ್ನು ತಿನ್ನುತ್ತದೆ, ಪದರ ಗಾಜಿನ ಅಂಚನ್ನೂ ಕೆಡಿಸುತ್ತದೆ. ಇನ್ನೊಂದು, ಸಿಲಿಕೋನ್ ಸೋಕಿದ ಬರಿ ಮರಕ್ಕೆ ಆಮೇಲೆ ವಾರ್ನಿಶ್ ಹತ್ತುವುದಿಲ್ಲ. ಹಾಗಾಗಿ ಮರದ ಕಚ್ಚಿಗೆ ಮೊದಲೇ ವಾರ್ನಿಶ್ ಹೊಡೆದು ಒಣಗಿಸಿಕೋ.

ಪಾಲಿಯುರೆಥೇನ್ ಬಹಳ ಗಟ್ಟಿ ಎಂದು ಹಲವರು ಹೊಗಳುತ್ತಾರೆ. ಹೌದು, ಬಿಡಿಸಲು ಹೋದರೆ ಮರವೇ ಕಿತ್ತು ಬರುವಷ್ಟು ಗಟ್ಟಿ. ಆದರೂ ಗಾಜಿನ ಮೂಲಕ ಒಳಬರುವ ಬಿಸಿಲು ಅದರ ಹಿಡಿತವನ್ನು ಸಡಿಲಿಸುತ್ತದೆ. ಹಾಕಲೇಬೇಕೆಂದರೆ ಅದಕ್ಕೆ ಹೇಳಿದ ಪ್ರೈಮರ್ ಹಚ್ಚು. ಅಂಚಿಗೆ ಬಿಸಿಲು ಬೀಳದಂತೆ ಮೇಲೆ ಅಗಲದ ಬೀಡಿಂಗ್ ಪಟ್ಟಿ ಕೊಡು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ರಿಪೇರಿಗೆ ಬಿಡುವು ಸಿಗುವುದು ಆಗಲೇ. ಆದರೆ ಒದ್ದೆ ಮರಕ್ಕೆ ಯಾವ ಸೀಲಂಟೂ ಕಚ್ಚದು. ಆದ್ದರಿಂದ ಈ ಕೆಲಸವನ್ನು ಮಳೆ ಹಿಡಿಯುವ ಮುಂಚೆಯೇ ಮುಗಿಸು. ತೇಗದಲ್ಲಿ ಎಣ್ಣೆಯಂಶ ಹೆಚ್ಚು. ಅಸಿಟೋನ್ ಬಟ್ಟೆಯಲ್ಲಿ ಒರೆಸಿ, ಆರಿದ ಮೇಲೆ ಹಚ್ಚು.

ಹುಡುಗರು ಹೆಚ್ಚಾಗಿ ಎಡವುವುದು ಬಿಗಿಯುವಲ್ಲಿ. ಪಟ್ಟಿಯನ್ನು ಜೋರಾಗಿ ಬಿಗಿದರೆ ಸೀಲಂಟೆಲ್ಲ ಹೊರಗೆ ಹಿಂಡಿ ಹೋಗಿ ತೆಳು ಪೊರೆಯಷ್ಟೇ ಉಳಿಯುತ್ತದೆ, ಮೊದಲ ಬೇಸಿಗೆಗೇ ಹರಿಯುತ್ತದೆ. ಗಾಜಿನ ಕೆಳಗೆ 3 ಮಿಲಿಮೀಟರ್ ದಪ್ಪದ ಪುಟ್ಟ ರಬ್ಬರ್ ತುಂಡುಗಳನ್ನಿಟ್ಟು, ಗಾಜು ಮರಕ್ಕೆ ನೇರ ತಾಗದಂತೆ ಕೂರಿಸು. ಸ್ಕ್ರೂಗಳನ್ನು ಹಗುರವಾಗಿ ತಿರುಗಿಸಿ, ಸೀಲಂಟ್ ಗಟ್ಟಿಯಾಗುವವರೆಗೆ ಬಿಡು. ಆಮೇಲೆ ಪೂರ್ತಿ ಬಿಗಿ ಮಾಡು.

ಮರವನ್ನು ಕೊಳೆಸುವುದು ಸಮುದ್ರದ ನೀರಿಗಿಂತ ಹೆಚ್ಚಾಗಿ ಸಂದಿನಲ್ಲಿ ನಿಂತ ಮಳೆನೀರು. ಪ್ರತಿ ವರ್ಷ ಮೇ ತಿಂಗಳಲ್ಲಿ ಹ್ಯಾಚಿನ ಮೇಲೆ ನೀರು ಸುರಿದು ಒಳಗಿನಿಂದ ಮುಟ್ಟಿ ನೋಡು. ಪಸೆ ಕಂಡರೆ ಮೇಲಿಂದ ಮೇಲೆ ತೇಪೆ ಹಚ್ಚಬೇಡ, ಗಾಜು ಬಿಚ್ಚಿ ಹೊಸದಾಗಿ ಕೂರಿಸು. ಬಿಚ್ಚಲು ಬರುವ ಸೀಲಂಟನ್ನೇ ಆರಿಸು ಎಂದು ನಾನು ಒತ್ತಿ ಹೇಳಿದ್ದು ಇದಕ್ಕೇ.